ಕ್ಯಾಥರಿನ್ ಓಶೇಯಳನ್ನು ಹುಡುಕಿಕೊಂಡು ಡಬ್ಲಿನ್‌ನಿಂದ ಲಿಟಲ್‌ಹ್ಯಾಂಪ್ಟನ್‌ಗೆ

ಶುಕ್ರವಾರ, ಡಬ್ಲಿನ್

ಡಬ್ಲಿನ್‌ನ ಓಕಾನಲ್ ಸ್ಟ್ರೀಟ್‌ನ ಒಂದು ತುದಿಯಲ್ಲಿ ಎತ್ತರದ ಕಲ್ಲಿನ ಕಂಬವಿದೆ. ಅದರ ಬುಡದಲ್ಲಿ ಕಂಚಿನ ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್ ಒಂದು ಕೈ ಚಾಚಿ ನಿಂತಿದ್ದಾನೆ. 1911ರಲ್ಲಿ ಇದನ್ನು ನಿಲ್ಲಿಸಿದರು. ಪ್ರತಿಮೆಯ ಹಿಂದೆ ಬಂಗಾರದ ಅಕ್ಷರಗಳಲ್ಲಿ ಅವನ ಭಾಷಣದ ಮಾತು: ಒಂದು ದೇಶದ ನಡಿಗೆಗೆ ಗಡಿ ಹಾಕುವ ಹಕ್ಕು ಯಾರಿಗೂ ಇಲ್ಲ ಅನ್ನುವ ಅರ್ಥದ್ದು. ಚಿಕ್ಕಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, "ಎಲ್ಲಿದಾಳೆ ಅವಳು?" ಅಂತ ಕೇಳಿದರು.

ಇಲ್ಲಿ ಅವಳು ಇಲ್ಲ. ಅದಕ್ಕೇ ಈ ಪ್ರವಾಸವನ್ನು ಇಲ್ಲಿಂದ ಶುರು ಮಾಡಿದ್ದು. ಮೊದಲು ಅವನ ಊರುಗಳು, ಆಮೇಲೆ ಅವಳ ಊರುಗಳು.

ಚಿಕ್ಕಮ್ಮನ ಪರಿಚಯ ಸ್ವಲ್ಪ ಬೇಕು. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಲಂಡನ್‌ಗೆ ನಮ್ಮ ಮನೆಗೆ ಬಂದು ಅರಮನೆ, ಸೇತುವೆ ಎಲ್ಲ ನೋಡಿ ಮುಗಿಸಿದ್ದರು. ಇನ್ನೇನು ತೋರಿಸ್ತೀಯ ಅಂದಾಗ ನಾನು ಈ ಕಥೆ ಹೇಳಿದೆ. ವಿಕ್ಟೋರಿಯಾ ರಾಣಿ ಕಾಲದಲ್ಲಿ, ಐರ್ಲೆಂಡ್‌ಗೆ ಸ್ವಂತ ಆಡಳಿತ ಬೇಕು ಎಂದು ಬ್ರಿಟಿಷ್ ಪಾರ್ಲಿಮೆಂಟಿನೊಳಗೇ ಕೂತು ಹೋರಾಡುತ್ತಿದ್ದ ಪಾರ್ನೆಲ್‌ಗೂ, ಅವನದೇ ಕಡೆಯ ಎಂಪಿ ಕ್ಯಾಪ್ಟನ್ ವಿಲಿಯಂ ಓಶೇಯ ಹೆಂಡತಿ ಕ್ಯಾಥರಿನ್‌ಗೂ ಪ್ರೀತಿ ಬೆಳೆಯಿತು. ಹತ್ತು ವರ್ಷ ಆದಮೇಲೆ ಗಂಡ ಕೋರ್ಟಿಗೆ ಹೋದ. ಪಕ್ಷ ಒಡೆಯಿತು. ವರ್ಷ ತುಂಬುವುದರೊಳಗೆ ಪಾರ್ನೆಲ್ ಸತ್ತ. ಇಷ್ಟು ಹೇಳಿದ್ದಕ್ಕೆ ಚಿಕ್ಕಮ್ಮನ ಮೊದಲ ಪ್ರಶ್ನೆ, "ಹತ್ತು ವರ್ಷ ಆ ಗಂಡ ಏನ್ ಮಾಡ್ತಿದ್ದ?" ಮಾರನೇ ದಿನವೇ ವಿಮಾನದ ಟಿಕೆಟ್ ನೋಡಿದೆ.

ಮಧ್ಯಾಹ್ನ ಕಿಲ್ಮೇನಂ ಜೈಲು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತಗೊಳ್ಳಿ, ಹಾಗೇ ಹೋದರೆ ಸಿಗುವುದು ಕಷ್ಟ. ಪಾರ್ನೆಲ್‌ನನ್ನು 1881ರ ಅಕ್ಟೋಬರ್ 13ಕ್ಕೆ ಹಿಡಿದು ಇಲ್ಲಿ ಇಟ್ಟರು. ಅವನಿಗೆ 13 ಅಂದರೆ ಭಯ, ಅಕ್ಟೋಬರ್ ಅಂದರೂ ಭಯ, ಹಸಿರು ಬಣ್ಣ ಕಂಡರೂ ಆಗುತ್ತಿರಲಿಲ್ಲವಂತೆ. ಐರ್ಲೆಂಡ್‌ನ ನಾಯಕನಿಗೆ ಹಸಿರು ಆಗಲ್ಲ, ನೋಡಿ! ಅವನಿದ್ದ ಕೋಣೆ ಬೇರೆ ಕೈದಿಗಳದ್ದಕ್ಕಿಂತ ಚೆನ್ನಾಗಿಯೇ ಇತ್ತು. ಇಲ್ಲಿಂದಲೇ ಅವನು ಕ್ಯಾಥರಿನ್‌ಗೆ ಕಣ್ಣಿಗೆ ಕಾಣದ ಶಾಯಿಯಲ್ಲಿ ಪತ್ರ ಬರೆಯುತ್ತಿದ್ದ.

ಆ ಚಳಿಗಾಲದಲ್ಲಿ ಅವಳು ಗರ್ಭಿಣಿ. 1882ರ ಫೆಬ್ರವರಿಯಲ್ಲಿ ಲಂಡನ್ ಪಕ್ಕದ ಎಲ್ಟಮ್‌ನಲ್ಲಿ ಹೆಣ್ಣು ಮಗು ಹುಟ್ಟಿತು. ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ ಅಕ್ಕನ ಮಗನ ಅಂತ್ಯಕ್ರಿಯೆಗೆ ಹೋಗಲು ಪಾರ್ನೆಲ್‌ಗೆ ಕೆಲವು ದಿನ ಬಿಡುಗಡೆ ಸಿಕ್ಕಿತು. ದಾರಿಯಲ್ಲಿ ಎಲ್ಟಮ್‌ಗೆ ಹೋದ. ಮಗು ಸಾಯುತ್ತಿತ್ತು. ಅದು ತನ್ನ ಮಗು ಎಂದೇ ಕ್ಯಾಪ್ಟನ್ ಓಶೇ ತಿಳಿದಿದ್ದ ಅಂತಾರೆ. ಅದೇ ಮನೆಯಲ್ಲಿ, ಅದೇ ದಿನಗಳಲ್ಲಿ, ಸರ್ಕಾರಕ್ಕೂ ಪಾರ್ನೆಲ್‌ಗೂ ನಡುವೆ ರಾಜಿ ಮಾಡಿಸಲು ಮಧ್ಯವರ್ತಿಯಾಗಿ ಓಡಾಡುತ್ತಿದ್ದವನು ಈ ಕ್ಯಾಪ್ಟನ್ನೇ. ಒಂದು ಕೋಣೆಯಲ್ಲಿ ಮಗು, ಇನ್ನೊಂದರಲ್ಲಿ ರಾಜಿ ಪತ್ರದ ಕರಡು. ಮೇ ತಿಂಗಳ ಮೊದಲಲ್ಲಿ ಪಾರ್ನೆಲ್ ಬಿಡುಗಡೆಯಾದ. ಅದಕ್ಕೆ ಕಿಲ್ಮೇನಂ ಒಪ್ಪಂದ ಅಂತ ಹೆಸರು. ಗೈಡ್ ಒಪ್ಪಂದದ ಬಗ್ಗೆ ಚೆನ್ನಾಗಿ ಹೇಳಿದ. ಮಗುವಿನ ವಿಷಯ ಎತ್ತಲಿಲ್ಲ.

ರಾತ್ರಿ ಉಳಿದ ಜಾಗದಲ್ಲಿ ಲಿಫ್ಟ್ ಇರಲಿಲ್ಲ, ರೂಮು ನಾಲ್ಕನೇ ಮಹಡಿ. ಬುಕ್ ಮಾಡುವಾಗ ಅದನ್ನು ಎಲ್ಲೂ ಬರೆದಿರಲಿಲ್ಲ.

ಶನಿವಾರ, ಗ್ಲಾಸ್ನೆವಿನ್

ಬೆಳಗ್ಗೆ ಸಣ್ಣ ಮಳೆ. ಗ್ಲಾಸ್ನೆವಿನ್ ಸ್ಮಶಾನ ದೊಡ್ಡದು, ದೂರದಿಂದಲೇ ಹಿಂದಿನ ತಲೆಮಾರಿನ ಐರಿಶ್ ನಾಯಕ ಡ್ಯಾನಿಯಲ್ ಓಕಾನಲ್‌ನ ಸಮಾಧಿಯ ಗೋಪುರ ಕಾಣುತ್ತದೆ. ಪಾರ್ನೆಲ್‌ನದು ಅದರ ಹತ್ತಿರವೇ. ಹುಲ್ಲಿನ ದಿಬ್ಬದ ಮೇಲೆ ಅವನ ಊರ ಕಡೆಯ ವಿಕ್ಲೋದಿಂದ ತಂದ ಒಂದು ಒರಟು ಗ್ರಾನೈಟ್ ಬಂಡೆ. ಅದರ ಮೇಲೆ 'ಪಾರ್ನೆಲ್' ಅಂತ ಮಾತ್ರ ಇದೆ. ಹುಟ್ಟಿದ ದಿನ ಇಲ್ಲ, ಸತ್ತ ದಿನ ಇಲ್ಲ. ನನಗೆ ಬಹಳ ಇಷ್ಟವಾಯಿತು.

1891ರ ಅಕ್ಟೋಬರ್ 11ರಂದು ಇಲ್ಲಿಗೆ ಬಂದ ಜನ ಎರಡು ಲಕ್ಷ ಎಂದು ಲೆಕ್ಕ ಹೇಳುತ್ತಾರೆ. ಸ್ಮಶಾನದ ಗೋಡೆಯಿಂದ ಐವಿ ಬಳ್ಳಿಯ ಎಲೆ ಕಿತ್ತು ಕೋಟಿಗೆ ಸಿಕ್ಕಿಸಿಕೊಂಡರಂತೆ. ಅದಕ್ಕೇ ಅವನು ಸತ್ತ ಅಕ್ಟೋಬರ್ 6ಕ್ಕೆ ಐವಿ ಡೇ ಅಂತ ಹೆಸರು ಬಂತು. ಕ್ಯಾಥರಿನ್ ಬರಲಿಲ್ಲ. ಅಷ್ಟು ಹೊತ್ತಿಗೆ ಅವಳು ಅವನ ಕಾನೂನುಬದ್ಧ ಹೆಂಡತಿ, ಆದರೂ ಇಂಗ್ಲೆಂಡ್‌ನಲ್ಲೇ ಉಳಿದಳು. ಅವಳು ಬಂದಿದ್ದರೆ ಆ ಎರಡು ಲಕ್ಷ ಜನ ಏನು ಮಾಡುತ್ತಿದ್ದರೋ ಯೋಚಿಸಿ. ಅರ್ಧ ದೇಶ ಅವಳನ್ನು 'ಕಿಟ್ಟಿ' ಎಂದು ಕರೆದು ಹೀಯಾಳಿಸುತ್ತಿತ್ತು. ಮನೆಯವರು ಯಾರೂ ಅವಳನ್ನು ಹಾಗೆ ಕರೆದವರಲ್ಲ. ನಡತೆಗೆಟ್ಟವಳು ಅನ್ನುವ ಕೊಂಕು ಇರುವ ಹೆಸರದು. ಈಗ ಎಷ್ಟೋ ದೇಶಗಳಲ್ಲಿ ಐರಿಶ್ ಪಬ್‌ಗಳಿಗೆ ಅದೇ ಹೆಸರಿದೆ. ಬಿಯರ್ ಕುಡಿಯುವವರಿಗೆ ಗೊತ್ತೂ ಇರಲ್ಲ.

ಭಾನುವಾರ, ಏವನ್‌ಡೇಲ್

ಡಬ್ಲಿನ್‌ನಿಂದ ರಾತ್‌ಡ್ರಮ್‌ಗೆ ರೈಲು. ಬ್ರೇ ದಾಟಿದ ಮೇಲೆ ಹಳಿ ಸಮುದ್ರದ ಅಂಚಿನಲ್ಲೇ ಹೋಗುತ್ತದೆ, ಎಡಗಡೆ ಕೂತುಕೊಳ್ಳಿ. ಏವನ್‌ಡೇಲ್ ಪಾರ್ನೆಲ್ 1846ರಲ್ಲಿ ಹುಟ್ಟಿದ ಮನೆ. ಅವನು ಪ್ರಾಟೆಸ್ಟೆಂಟ್ ಜಮೀನ್ದಾರ. ಗೇಣಿದಾರರ ಪರವಾಗಿ ಜಮೀನ್ದಾರರ ವಿರುದ್ಧ ಹೋರಾಟ ಕಟ್ಟಿದ ಜಮೀನ್ದಾರ. ಈಗ ಇಲ್ಲಿ ಮರಗಳ ತಲೆಯ ಮೇಲೆ ನಡೆದುಹೋಗುವ ಮರದ ದಾರಿ, ಕೊನೆಗೆ 38 ಮೀಟರ್ ಎತ್ತರದ ಗೋಪುರ ಮಾಡಿದ್ದಾರೆ. ಮೆಟ್ಟಿಲಿಲ್ಲ, ಇಳಿಜಾರು, ಚಿಕ್ಕಮ್ಮ ಆರಾಮವಾಗಿ ಹತ್ತಿದರು. ಮಕ್ಕಳ ಗಲಾಟೆ ಜಾಸ್ತಿ.

ಪಾರ್ನೆಲ್‌ಗೆ ಗಣಿಗಾರಿಕೆಯ ಹುಚ್ಚು. ಈ ಸುತ್ತಮುತ್ತ ಚಿನ್ನ ಹುಡುಕುತ್ತಿದ್ದ. ವರ್ಷಗಟ್ಟಲೆ ಕಷ್ಟಪಟ್ಟು ಸಿಕ್ಕಿದ ಚೂರು ಚಿನ್ನದಲ್ಲಿ ತನಗೆ ಮದುವೆ ಉಂಗುರ ಮಾಡಿಸಿದ ಎಂದು ಕ್ಯಾಥರಿನ್ ಬರೆದುಕೊಂಡಿದ್ದಾಳೆ. ಇಡೀ ಐರ್ಲೆಂಡ್‌ನಲ್ಲಿ ಅವಳಿಗೆ ದಕ್ಕಿದ್ದು ಅಷ್ಟೇ ಇರಬೇಕು. ರಾತ್ರಿ ವಿಮಾನ ಹತ್ತಿ ಲಂಡನ್.

ಸೋಮವಾರ, ವೆಸ್ಟ್‌ಮಿನ್‌ಸ್ಟರ್ ಮತ್ತು ಎಲ್ಟಮ್

ಬಿಗ್ ಬೆನ್ ಕೆಳಗೆ ಕಬ್ಬಿಣದ ಬೇಲಿಯಾಚೆ ಕಾಣುವ ಅಂಗಳ ನ್ಯೂ ಪ್ಯಾಲೇಸ್ ಯಾರ್ಡ್. ಪ್ರವಾಸಿಗಳೆಲ್ಲ ಗಡಿಯಾರದ ಕಡೆ ಕತ್ತೆತ್ತಿಕೊಂಡು ನಿಂತಿರುತ್ತಾರೆ, ನಾವು ಅಂಗಳ ನೋಡುತ್ತಾ ನಿಂತೆವು. ಇವರಿಬ್ಬರು ಮೊದಲ ಸಲ ಭೇಟಿಯಾದದ್ದು 1880ರ ಜುಲೈನಲ್ಲಿ, ಇಲ್ಲಿ. ಕ್ಯಾಪ್ಟನ್ ಆಗತಾನೇ ಐರ್ಲೆಂಡ್‌ನ ಕ್ಲೇರ್ ಕ್ಷೇತ್ರದಿಂದ ಎಂಪಿ ಆಗಿದ್ದ. ಅವನ ಏಳಿಗೆಗೋಸ್ಕರ ಹೆಂಡತಿ ಊಟದ ಕೂಟ ಇಡಬೇಕು, ಪಾರ್ನೆಲ್ ಬರಬೇಕು. ಆದರೆ ಕರೆದರೂ ಅವನು ಬರುತ್ತಿರಲಿಲ್ಲ. ಕೊನೆಗೆ ಅವಳೇ ಗಾಡಿ ಕಟ್ಟಿಸಿಕೊಂಡು ಬಂದು, ಚೀಟಿ ಕಳಿಸಿ ಅವನನ್ನು ಹೊರಗೆ ಕರೆಸಿದಳು. ಮಾತಾಡಿ ಬಗ್ಗಿದಾಗ ಅವಳ ಉಡುಪಿಗೆ ಸಿಕ್ಕಿಸಿದ್ದ ಗುಲಾಬಿ ಬಿತ್ತು. ಅವನು ಎತ್ತಿಕೊಂಡ. ಅವನು ಸತ್ತಮೇಲೆ ಕಾಗದಪತ್ರಗಳ ನಡುವೆ ಆ ಹೂವು ಸಿಕ್ಕಿತಂತೆ, ಕವರಿನ ಮೇಲೆ ಅವಳ ಹೆಸರು, ತಾರೀಖು. ಅವನ ಎದೆಯ ಮೇಲೆ ಇಟ್ಟು ಕಳಿಸಿದೆ ಎಂದು ಬರೆಯುತ್ತಾಳೆ.

"ಅಂದ್ರೆ ಗಂಡನೇ ಕಳಿಸಿದ್ದು ಅನ್ನು," ಅಂದರು ಚಿಕ್ಕಮ್ಮ. ಒಂದು ರೀತಿಯಲ್ಲಿ ಹೌದು.

ಹಾಗಂತ ಇವಳು ಏನೂ ತಿಳಿಯದ ಹೆಣ್ಣಲ್ಲ. ಅಜ್ಜ ಲಂಡನ್ನಿನ ಲಾರ್ಡ್ ಮೇಯರ್. ಚಿಕ್ಕಪ್ಪ ಗ್ಲ್ಯಾಡ್‌ಸ್ಟನ್ ಸರ್ಕಾರದಲ್ಲಿ ಲಾರ್ಡ್ ಚಾನ್ಸಲರ್ ಆಗಿದ್ದವನು. ಅಣ್ಣ ಎವಲಿನ್ ವುಡ್, 1857ರ ದಂಗೆಯ ಬೆನ್ನಲ್ಲಿ ಭಾರತದಲ್ಲಿ ಕಾದಾಡಿ ವಿಕ್ಟೋರಿಯಾ ಕ್ರಾಸ್ ಪಡೆದವನು. ರಾಜಕೀಯ ಅವಳಿಗೆ ಮನೆಯ ಮಾತು. 1882ರ ಜೂನ್‌ನಿಂದ ಅವಳು ಪ್ರಧಾನಿ ಗ್ಲ್ಯಾಡ್‌ಸ್ಟನ್‌ನನ್ನು ಖುದ್ದಾಗಿ ಭೇಟಿಯಾಗುತ್ತಿದ್ದಳು, ಪಾರ್ನೆಲ್‌ನ ಮಾತನ್ನು ಅವನಿಗೆ, ಅವನ ಮಾತನ್ನು ಪಾರ್ನೆಲ್‌ಗೆ ತಲುಪಿಸುತ್ತಿದ್ದಳು. 1885ರಲ್ಲಿ ಐರ್ಲೆಂಡ್‌ಗೆ ಎಂಥ ಸಂವಿಧಾನ ಬೇಕು ಎಂದು ಪಾರ್ನೆಲ್ ಬರೆದ ಕರಡು ಗ್ಲ್ಯಾಡ್‌ಸ್ಟನ್ ಕಡೆಗೆ ಹೋದದ್ದು ಅವಳ ಕೈಯಿಂದ. ಆ ವರ್ಷದ ಚುನಾವಣೆಯಲ್ಲಿ ಲಿಬರಲ್‌ಗಳಿಗೂ ಕನ್ಸರ್ವೇಟಿವ್‌ಗಳಿಗೂ ಇದ್ದ ಅಂತರ 86 ಸೀಟು, ಪಾರ್ನೆಲ್ ಹತ್ತಿರ ಇದ್ದದ್ದೂ ಸರಿಯಾಗಿ 86. ಅಂಥ ಹೊತ್ತಿನಲ್ಲಿ ಅಂಚೆಯವಳ ಕೆಲಸ ಸಣ್ಣದಲ್ಲ.

ಮತ್ತು ಎಲ್ಲರಿಗೂ ಗೊತ್ತಿತ್ತು. 1882ರ ಮೇನಲ್ಲೇ ಗೃಹಮಂತ್ರಿ ಹಾರ್ಕೋರ್ಟ್ ಸಂಪುಟದ ಸಭೆಯಲ್ಲಿ ಇವರ ಸಂಬಂಧದ ವಿಷಯ ಹೇಳಿದ್ದ. ಅಂದರೆ ಸರ್ಕಾರಕ್ಕೆ ಎಂಟು ವರ್ಷ ಮೊದಲೇ ಗೊತ್ತು, ಬೇಕಾದಾಗ ಅವಳ ಮೂಲಕವೇ ಕೆಲಸ ಮಾಡಿಕೊಂಡರು. ಕೋರ್ಟಿನಲ್ಲಿ ಬಯಲಾದ ಮೇಲೆ ಅದೇ ಗ್ಲ್ಯಾಡ್‌ಸ್ಟನ್, ಪಾರ್ನೆಲ್ ನಾಯಕನಾಗಿ ಮುಂದುವರಿದರೆ ತನಗೆ ಕಷ್ಟ ಎಂದು ಪತ್ರ ಬರೆದ. ನನಗೆ ಸಿಟ್ಟು ಬರುವುದು ಇಲ್ಲಿ.

ಅಂಗಳದಿಂದ ಚೇರಿಂಗ್ ಕ್ರಾಸ್ ಸ್ಟೇಷನ್‌ಗೆ ನಡೆದೆವು. ಈ ಸ್ಟೇಷನ್‌ಗೂ ಕಥೆ ಇದೆ. 1881ರ ಜುಲೈನಲ್ಲಿ ಕ್ಯಾಪ್ಟನ್ ಹೇಳದೆ ಕೇಳದೆ ಎಲ್ಟಮ್ ಮನೆಗೆ ಬಂದು ನೋಡಿದರೆ ಪಾರ್ನೆಲ್‌ನ ಪೆಟ್ಟಿಗೆ ಅಲ್ಲಿದೆ. ಕೆಂಡಾಮಂಡಲ. ಪೆಟ್ಟಿಗೆಯನ್ನು ಲಂಡನ್‌ಗೆ ಸಾಗಹಾಕಿ, ಫ್ರಾನ್ಸ್‌ಗೆ ಬಾ, ದ್ವಂದ್ವಯುದ್ಧ ಮಾಡೋಣ ಎಂದು ಪಾರ್ನೆಲ್‌ಗೆ ಪತ್ರ ಬರೆದ. ಪಾರ್ನೆಲ್ ಕ್ಯಾಥರಿನ್‌ಗೆ ಬರೆದ ಪತ್ರ ಓದಿದರೆ ನಗು ಬರುತ್ತದೆ: ನನ್ನ ಲಗೇಜ್ ಎಲ್ಲಿ ಬಿಟ್ಟರು ಎಂದು ದಯವಿಟ್ಟು ನಿಮ್ಮ ಯಜಮಾನರನ್ನು ಕೇಳಿ, ಚೇರಿಂಗ್ ಕ್ರಾಸ್‌ನಲ್ಲಿ ಎಲ್ಲ ಕಡೆ ವಿಚಾರಿಸಿದೆ, ಸಿಗಲಿಲ್ಲ. ಯುದ್ಧ ನಡೆಯಲಿಲ್ಲ. ಕ್ಯಾಪ್ಟನ್ ಸಮಾಧಾನವಾದ. ಎಂಟು ವರ್ಷ ಸಮಾಧಾನವಾಗಿಯೇ ಇದ್ದ.

ರೈಲಿನಲ್ಲಿ ಮಾಟಿಂಗಮ್, ಅಲ್ಲಿಂದ ಎಲ್ಟಮ್ ಕಡೆ ಕೋರ್ಟ್ ರೋಡ್ ಹಿಡಿದು ನಡೆದರೆ ಹಳೆಯ ಕೆಂಪು ಇಟ್ಟಿಗೆಯ ದೊಡ್ಡ ಮನೆ, ಎಲ್ಟಮ್ ಲಾಡ್ಜ್. ಈಗ ಗಾಲ್ಫ್ ಕ್ಲಬ್, ನಮ್ಮಂಥವರು ರಸ್ತೆಯಿಂದ ನೋಡಬೇಕು. ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಇದ್ದದ್ದು ಈ ಮನೆಯಲ್ಲಿ. ಇಲ್ಲಿ ಕ್ಯಾಥರಿನ್‌ಳ ಶ್ರೀಮಂತ ದೊಡ್ಡಮ್ಮ ಒಬ್ಬಳಿದ್ದಳು, ಎಲ್ಲರೂ ಆಂಟ್ ಬೆನ್ ಅನ್ನುತ್ತಿದ್ದರು. ಗಂಡ ಇಲ್ಲ, ಮಕ್ಕಳಿಲ್ಲ, ತುಂಬ ಶಿಸ್ತಿನ ಮುದುಕಿ. ಆ ಕಾಲದ ಹೆಸರಾಂತ ಕಾದಂಬರಿಕಾರನೊಬ್ಬ ಸಂಬಳಕ್ಕೆ ಬಂದು ಅವಳಿಗೆ ಪುಸ್ತಕ ಓದಿ ಹೇಳುತ್ತಿದ್ದ! ಕ್ಯಾಥರಿನ್ ಹತ್ತಿರ ಇರಲಿ ಎಂದು ಪಕ್ಕದ ನಾರ್ತ್ ಪಾರ್ಕ್ ರಸ್ತೆಯಲ್ಲಿ ವನರ್ಶ್ ಲಾಡ್ಜ್ ಎಂಬ ಮನೆ ಕೊಡಿಸಿದಳು, ಖರ್ಚಿಗೂ ಕೊಡುತ್ತಿದ್ದಳು. ಓಶೇಯ ಸಾಲಗಳೂ ಅದರಲ್ಲೇ ತೀರಬೇಕು. ದೊಡ್ಡಮ್ಮ ಸತ್ತರೆ ಆಸ್ತಿ ಕ್ಯಾಥರಿನ್‌ಗೆ. ಹಗರಣ ದೊಡ್ಡಮ್ಮನ ಕಿವಿಗೆ ಬಿದ್ದರೆ ಯಾರಿಗೂ ಏನೂ ಇಲ್ಲ. ಆ ಮುದುಕಿಯೋ, ತೊಂಬತ್ತು ದಾಟಿದರೂ ಗಟ್ಟಿ.

ಚಿಕ್ಕಮ್ಮ ರಸ್ತೆ ಬದಿಯಲ್ಲಿ ನಿಂತುಬಿಟ್ಟರು. "ಇದನ್ನ ಮೊದಲೇ ಹೇಳಬಾರದಿತ್ತೇನೇ? ನಾನು ಪ್ರೀತಿ ಪ್ರೇಮ ಅಂದ್ಕೊಂಡಿದ್ದೆ. ಇದು ಉಯಿಲಿನ ಕೇಸು. ಆಸ್ತಿ ಯಾರ ಹೆಸರಿಗೆ ಅಂತ ಗೊತ್ತಾಗೋವರೆಗೂ ಎಲ್ಲರೂ ಬಾಯಿ ಮುಚ್ಕೊಂಡು ಕೂತಿರ್ತಾರೆ. ನಾನು ಎಷ್ಟು ಮನೆ ನೋಡಿಲ್ಲ ಬ್ಯಾಂಕಲ್ಲಿ!"

1889ರ ಮೇನಲ್ಲಿ ಆಂಟ್ ಬೆನ್ ತೀರಿಕೊಂಡಳು. ಸುಮಾರು 1,40,000 ಪೌಂಡ್ ಕ್ಯಾಥರಿನ್‌ಗೆ, ಅದೂ ಗಂಡನ ಕೈಗೆ ಸಿಗದ ಹಾಗೆ ಬರೆದಿಟ್ಟು. ಕ್ಯಾಥರಿನ್‌ಳ ಒಡಹುಟ್ಟಿದವರು ಉಯಿಲಿನ ಮೇಲೆ ಕೇಸು ಹಾಕಿದರು. ಓಶೇ ಅವರ ಜೊತೆ ಸೇರಿದ. ಅದೇ ಡಿಸೆಂಬರ್ 24ಕ್ಕೆ ಡೈವೋರ್ಸ್ ಅರ್ಜಿ ಬಿತ್ತು. 20,000 ಪೌಂಡ್ ಕೊಟ್ಟಿದ್ದರೆ ಕ್ಯಾಪ್ಟನ್ ಸುಮ್ಮನಾಗುತ್ತಿದ್ದ ಎಂಬ ಮಾತಿದೆ, ಆದರೆ ಉಯಿಲು ಕೋರ್ಟಿನಲ್ಲಿದ್ದಾಗ ದುಡ್ಡು ಎಲ್ಲಿಂದ ಬರಬೇಕು?

ಮಂಗಳವಾರ, ಹೋವ್ ಮತ್ತು ಸ್ಟೈನಿಂಗ್

ಬ್ರೈಟನ್‌ಗೆ ಹೊಂದಿಕೊಂಡೇ ಇದೆ ಹೋವ್. ಸಮುದ್ರದ ಎದುರು ಮೆಡಿನಾ ಟೆರೇಸ್ ಎಂಬ ಬಿಳಿ ಮನೆಗಳ ಸಾಲು ಈಗಲೂ ಇದೆ. 1880ರ ದಶಕದಲ್ಲಿ ಓಶೇಗಳು ಇಲ್ಲೊಂದು ಮನೆ ಹಿಡಿದಿದ್ದರು. ಡೈವೋರ್ಸ್ ಕೇಸಿನಲ್ಲಿ ಅಡುಗೆಯವಳು ಸಾಕ್ಷಿ ಹೇಳಿದಳು: ಕ್ಯಾಪ್ಟನ್ ಬಂದು ಬೆಲ್ ಮಾಡಿದರೆ ಪಾರ್ನೆಲ್ ಬಾಲ್ಕನಿಯಲ್ಲಿದ್ದ ಹಗ್ಗದ ಏಣಿ ಹಿಡಿದು ಹಿಂದಿನಿಂದ ಇಳಿದು, ಹತ್ತು ನಿಮಿಷ ಬಿಟ್ಟು ಮುಂಬಾಗಿಲಿಗೆ ಬಂದು, ಆಗತಾನೇ ಬಂದವನ ಹಾಗೆ ಬೆಲ್ ಮಾಡುತ್ತಿದ್ದನಂತೆ. ನಿಜವೋ ಸುಳ್ಳೋ, ಲಂಡನ್ ಬೀದಿಗಳಲ್ಲಿ ಆಟಿಕೆ ಏಣಿ ಮಾರಾಟಕ್ಕೆ ಬಂತು. ಒಂದು ದೇಶದ ನಾಯಕ ರಾಜಕೀಯದಲ್ಲಿ ಸೋಲನ್ನು ತಡೆದುಕೊಳ್ಳಬಹುದು, ಬೀದಿ ನಗೆಯನ್ನು ಹೇಗೆ ತಡೆದುಕೊಳ್ಳುತ್ತಾನೆ?

ಸಾಕ್ಷಿಯನ್ನು ಯಾರೂ ಪಾಟೀಸವಾಲು ಮಾಡಲಿಲ್ಲ. 1890ರ ನವೆಂಬರ್ 15 ಮತ್ತು 17, ಎರಡೇ ದಿನದ ವಿಚಾರಣೆ. ಕ್ಯಾಥರಿನ್ ಉತ್ತರದಲ್ಲಿ ಗಂಡನಿಗೆ ಎಲ್ಲ ಗೊತ್ತಿತ್ತು, ಅವನದೂ ಸಂಬಂಧಗಳಿದ್ದವು, ತನ್ನ ಅಕ್ಕನ ಜೊತೆಗೂ ಎಂದು ಬರೆದಿದ್ದಳು. ಆದರೆ ವಾದ ಮಾಡಿ ಗೆದ್ದರೆ ಡೈವೋರ್ಸ್ ಸಿಗಲ್ಲ, ಸಿಗದಿದ್ದರೆ ಪಾರ್ನೆಲ್‌ನನ್ನು ಮದುವೆಯಾಗುವ ಹಾಗಿಲ್ಲ. ಹಾಗಾಗಿ ಸುಮ್ಮನಿದ್ದರು. ಅಷ್ಟಕ್ಕೆ ಗಂಡ ಮೋಸಹೋದ ಅಮಾಯಕನಾಗಿ ಹೊರಬಂದ. ಪಾರ್ನೆಲ್‌ಗೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಕ್ಲೇರ್ ಮತ್ತು ಕೇಟಿ ಕೂಡ ಕಾಗದದ ಪ್ರಕಾರ ಓಶೇ ಮಕ್ಕಳು, ಕೋರ್ಟು ಅವರನ್ನೂ ಓಶೇ ಸುಪರ್ದಿಗೇ ಕೊಟ್ಟಿತು. ಚಿಕ್ಕಮ್ಮನಿಗೆ ಇದನ್ನು ಎರಡು ಸಲ ಹೇಳಬೇಕಾಯಿತು. ನಂಬಲಿಲ್ಲ.

ಡಿಸೆಂಬರ್‌ನಲ್ಲಿ ಪಾರ್ಲಿಮೆಂಟಿನ ಕಮಿಟಿ ರೂಮ್ 15ರಲ್ಲಿ ಐರಿಶ್ ಪಕ್ಷ ಕೂತು ಕಿತ್ತಾಡಿತು. ಪಕ್ಷದ ಯಜಮಾನ ಯಾರು ಎಂಬ ಮಾತು ಬಂದಾಗ ಅದೇ ಪಕ್ಷದ ಎಂಪಿ ಟಿಮ್ ಹೀಲಿ, ಪಕ್ಷದ ಯಜಮಾನಿ ಯಾರಾಗಬೇಕು ಎಂದು ಕೇಳಿದ. ಇಂಗ್ಲಿಷ್‌ನಲ್ಲಿ ಅದೇ ಪದಕ್ಕೆ ಇಟ್ಟುಕೊಂಡವಳು ಎಂಬ ಅರ್ಥವೂ ಇದೆ. ಹೆಚ್ಚಿನವರು ಎದ್ದು ಹೊರನಡೆದರು. ಆಮೇಲೆ ಐರ್ಲೆಂಡ್‌ನಲ್ಲಿ ಒಂದಾದ ಮೇಲೊಂದು ಉಪಚುನಾವಣೆ, ಕಿಲ್ಕೆನಿ, ಸ್ಲೈಗೋ, ಕಾರ್ಲೋ, ಪಾರ್ನೆಲ್ ನಿಲ್ಲಿಸಿದವರು ಎಲ್ಲ ಕಡೆ ಸೋತರು. ಕಿಲ್ಕೆನಿಯಲ್ಲಿ ಅವನ ಕಣ್ಣಿಗೆ ಸುಣ್ಣ ಎರಚಿದರು. ಅವನು ಕೇಳಿದ ಸ್ವಂತ ಆಡಳಿತ, ಅಂದರೆ ಹೋಮ್ ರೂಲ್, ಮಾತ್ರ ಆ ತಲೆಮಾರಿಗೆ ಸಿಗಲಿಲ್ಲ. ಅದೇ ಹೋಮ್ ರೂಲ್ ಹೆಸರಿಟ್ಟುಕೊಂಡು 1916ರಲ್ಲಿ ತಿಲಕರು ನಮ್ಮ ಬೆಳಗಾವಿಯಲ್ಲಿ ಲೀಗ್ ಶುರು ಮಾಡಿದರು.

ಮಧ್ಯಾಹ್ನ ಬಸ್ಸಿನಲ್ಲಿ ಸ್ಟೈನಿಂಗ್. ಮರದ ತೊಲೆಗಳು ಹೊರಗೆ ಕಾಣುವ ಹಳೇ ಮನೆಗಳ ಸಣ್ಣ ಪೇಟೆ. 1891ರ ಜೂನ್ 25ರ ಬೆಳಗ್ಗೆ ಪತ್ರಕರ್ತರ ಕಣ್ಣು ತಪ್ಪಿಸಿ, ಡಿಕ್ಟೇಟರ್ ಎಂಬ ಕುದುರೆ ಕಟ್ಟಿದ ಗಾಡಿಯಲ್ಲಿ ಬಂದು ಇಲ್ಲಿನ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದರು. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ದಿಬ್ಬಗಳು, ಕುರಿಗಳು, ಚೆನ್ನಾಗಿದೆ. ಸಂಜೆ ಹೋವ್‌ಗೆ ವಾಪಸ್ ಬಂದು ಕಿಂಗ್ಸ್‌ವೇ ಉದ್ದಕ್ಕೂ ನಡೆದೆವು. ಅವರು ಕೊನೆಗೆ ಇದ್ದ ವಾಲ್ಸಿಂಗಮ್ ಟೆರೇಸ್ ಈ ಕಡೆ. ಮದುವೆಯಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಐರ್ಲೆಂಡ್‌ನಲ್ಲಿ ಮಳೆಯಲ್ಲಿ ನೆನೆದು ಭಾಷಣ ಮಾಡಿ ಬಂದವನು ಮಲಗಿದ, ಅಕ್ಟೋಬರ್ 6ಕ್ಕೆ ಸತ್ತ. 45 ವರ್ಷ. ಅಕ್ಟೋಬರ್ ಬಗ್ಗೆ ಅವನ ಭಯ ಸುಳ್ಳಾಗಲಿಲ್ಲ ನೋಡಿ.

ಬುಧವಾರ, ಲಿಟಲ್‌ಹ್ಯಾಂಪ್ಟನ್

ಬ್ರೈಟನ್‌ನಿಂದ ಒಂದು ಗಂಟೆಯೊಳಗಿನ ರೈಲು. ಅರುನ್ ನದಿ ಸಮುದ್ರ ಸೇರುವ ಜಾಗ, ಮೀನು ಚಿಪ್ಸ್ ಅಂಗಡಿಗಳು, ಬಿಸಿಲಿಗೆ ಬಂದ ಅಜ್ಜ ಅಜ್ಜಿಯರು. ಪಾರ್ನೆಲ್ ಸತ್ತಮೇಲೆ ಕ್ಯಾಥರಿನ್ ಮೂವತ್ತು ವರ್ಷ ಬದುಕಿದಳು. ಉಯಿಲಿನ ಕೇಸು ರಾಜಿಯಾಗಿ ಆಸ್ತಿಯಲ್ಲಿ ಒಂದು ಪಾಲು ಸಿಕ್ಕಿತು, ಅದರಲ್ಲೂ ಹೆಚ್ಚಿನದು ಕೈಬಿಟ್ಟು ಹೋಯಿತು. ದಕ್ಷಿಣ ಕರಾವಳಿಯಲ್ಲಿ ಮನೆಯಿಂದ ಮನೆಗೆ ಬದಲಾಯಿಸುತ್ತಾ, ಕೊನೆಗೆ ಇಲ್ಲಿ ಈಸ್ಟ್ ಹ್ಯಾಮ್ ರೋಡ್‌ನ ಸಾಧಾರಣ ಮನೆ. ಜೊತೆಗಿದ್ದವಳು ಓಶೇಗೆ ಹುಟ್ಟಿದ ಮಗಳು ನೋರಾ. 1921ರ ಫೆಬ್ರವರಿ 5ಕ್ಕೆ ಕ್ಯಾಥರಿನ್ ತೀರಿಕೊಂಡಳು. ಅದೇ ವರ್ಷದ ಕೊನೆಗೆ ಐರ್ಲೆಂಡ್ ಬ್ರಿಟನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು.

ಊರಿನ ಸ್ಮಶಾನದಲ್ಲಿ ಅವಳ ಸಮಾಧಿ ಇದೆ. ಅಲ್ಲಿ ಅವಳು ಪಾರ್ನೆಲ್‌ನ ವಿಧವೆ, ಓಶೇ ಹೆಸರಿಲ್ಲ. ನಾವು ಸ್ವಲ್ಪ ಹೊತ್ತು ನಿಂತೆವು. ಮಳೆ ಶುರುವಾಯಿತು, ಹೊರಟೆವು. ಮಗಳು ಕ್ಲೇರ್ 1909ರಲ್ಲಿ ಹೆರಿಗೆಯಲ್ಲಿ ಸತ್ತಳು, ಅವಳ ಮಗ ಬ್ರಿಟಿಷ್ ಸೇನೆ ಸೇರಿ 1934ರಲ್ಲಿ ಜ್ವರ ಬಂದು ಸತ್ತದ್ದು ನಮ್ಮ ಭಾರತದಲ್ಲಿ. ಇದನ್ನು ಹೇಳಿದಾಗ ಚಿಕ್ಕಮ್ಮ ಲೊಚಗುಟ್ಟಿದರು, ಬೇರೇನೂ ಅನ್ನಲಿಲ್ಲ.

ಚಹಾ ಅಂಗಡಿಯಲ್ಲಿ ಕೂತಾಗ ಕ್ಯಾಥರಿನ್ 1914ರಲ್ಲಿ ಎರಡು ಸಂಪುಟಗಳಲ್ಲಿ ಬರೆದ ನೆನಪಿನ ಪುಸ್ತಕದ ವಿಷಯ ಬಂತು. ಪಾರ್ನೆಲ್ ಬರೆದ ಖಾಸಗಿ ಪತ್ರಗಳನ್ನೆಲ್ಲ ಅದರಲ್ಲಿ ಅಚ್ಚು ಹಾಕಿಸಿದಳು. ಊರಿಗೆ ತೋರಿಸಲು 'ಪ್ರಿಯ ಮಿಸೆಸ್ ಓಶೇ' ಅಂತ ಒಂದು ಪತ್ರ, ಅವಳಿಗೆ ಮಾತ್ರ 'ನನ್ನ ರಾಣಿ' ಅನ್ನುವ ಧಾಟಿಯ ಇನ್ನೊಂದು. ಪಾರ್ನೆಲ್ ಅಭಿಮಾನಿಗಳಿಗೆ ಮುಜುಗರವಾಯಿತು. ದುಡ್ಡಿಗೆ ಬರೆದಳು ಅಂದರು. ಮಗ ಜೆರಾರ್ಡ್ ಒತ್ತಾಯ ಮಾಡಿ, ತಂದೆಗೆ ಒಳ್ಳೆಯದಾಗುವ ಹಾಗೆ ತಿದ್ದಿಸಿದ ಎಂಬ ಅನುಮಾನವೂ ಇದೆ, ಯಾಕೆಂದರೆ ಅದರಲ್ಲಿ ಕ್ಯಾಪ್ಟನ್ ಪಾಪ ಏನೂ ತಿಳಿಯದ ಮನುಷ್ಯನ ಹಾಗೆ ಕಾಣುತ್ತಾನೆ.

ಪುಸ್ತಕ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ರೈಲು ಹತ್ತಿದ ಮೇಲೆ ಚಿಕ್ಕಮ್ಮನ ಫೋನಿಗೆ ಇಳಿಸಿಕೊಟ್ಟೆ, ಅಕ್ಷರ ದೊಡ್ಡದು ಮಾಡಿಕೊಟ್ಟೆ. ಮೊದಲ ಅಧ್ಯಾಯ ಬಿಟ್ಟು ನೇರ ಲಗೇಜಿನ ಪತ್ರ ಎಲ್ಲಿದೆ ಅಂತ ಹುಡುಕಿದರು. ಆಮೇಲೆ ವಿಕ್ಟೋರಿಯಾ ಸ್ಟೇಷನ್‌ವರೆಗೂ ನಮ್ಮಿಬ್ಬರದು ಜಗಳ. ಕ್ಯಾಪ್ಟನ್‌ಗೆ ಮೊದಲ ವರ್ಷವೇ ಎಲ್ಲ ಗೊತ್ತಿತ್ತು ಅಂತ ಅವರು. ಗೊತ್ತಿತ್ತು, ಆದರೆ ಗೊತ್ತಿಲ್ಲ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಅಂತ ನಾನು. "ದೊಡ್ಡಮ್ಮನ ದುಡ್ಡು ಬರೋವರೆಗೂ ತಾನೇ?" ಅಂದರು.